ಸರಾಸರಿಯ ಹೊರಗೆ ನಿಂತವರು

ನಮ್ಮ ತಾತ ನೀರುಗಂಟಿ. ಕೋಲಾರದ ಕಡೆ ಕೆರೆ ಇದ್ದ ಎಷ್ಟೋ ಊರುಗಳಲ್ಲಿ ಈ ಕೆಲಸ ನಮ್ಮ ಕೇರಿಯವರದೇ. ತೂಬು ಎತ್ತುವುದು, ಕಾಲುವೆ ಕಾಯುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಲೆಕ್ಕ ಇಡುವುದು, ಮಳೆ ಜೋರಾದ ರಾತ್ರಿ ಲಾಟೀನು ಹಿಡಿದು ಏರಿಯ ಮೇಲೆ ತಿರುಗುವುದು. ಸುಗ್ಗಿಯಲ್ಲಿ ಗದ್ದೆಯವರು ಕಣದಲ್ಲಿ ಒಂದಿಷ್ಟು ಭತ್ತವೋ ರಾಗಿಯೋ ಅಳೆದು ಹಾಕುತ್ತಿದ್ದರು. ಊರಿಗೆಲ್ಲ ನೀರು ಹಂಚಿದ ಆ ಕೈ ಊರ ಬಾವಿಯ ಹಗ್ಗ ಮುಟ್ಟುವ ಹಾಗಿರಲಿಲ್ಲ.

ನಾವೂ ಈಗ ರಾತ್ರಿ ಕಾಯುವವರೇ. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡು ಡಿಗ್ರಿ ಮುಗಿಸಿದ ನಾವು ಮೂರು ಜನ ಬೆಂಗಳೂರಿನ ಒಂದು ಕಂಪನಿಯಲ್ಲಿ ರಾತ್ರಿ ಪಾಳಿ ಮಾಡುತ್ತೇವೆ. ಗೋಡೆಯ ತುಂಬ ಪರದೆಗಳು. ಪರದೆಗಳ ತುಂಬ ಗೆರೆಗಳು. ಗೆರೆ ಹಸಿರಾಗಿದ್ದರೆ ಚಹ, ಕೆಂಪಾದರೆ ಓಟ. ತಾತ ಬದುಕಿದ್ದಾಗ ಒಮ್ಮೆ ಕೇಳಿದ:

"ಅದೇನಪ್ಪಾ ಕೆಲ್ಸ, ರಾತ್ರಿಯೆಲ್ಲಾ ಕೂತ್ಕೊಂಡು ನೋಡೋದು?"

"ತೂಬು ಕಾಯೋದು ತಾತ."

"ಯಾವ ಕೆರೇದು?"

"ಮುಂಬಯಿದು."

ತಾತ ನಕ್ಕ. ಆಮೇಲೆ ಗಂಭೀರವಾಗಿ ಒಂದು ಮಾತು ಹೇಳಿದ. "ಮೊದಲ್ನೇ ಗದ್ದೆ ತುಂಬಿದ್ದು ನೋಡಿ ಮನೀಗ್ ಬರ್ಬೇಡ. ಕೊನೇ ಗದ್ದೆಗೆ ನೀರು ಮುಟ್ತಾ ನೋಡ್ಕೊಂಡು ಬಾ." ಆವತ್ತು ಈ ಮಾತು ನಮಗೆ ಮುದುಕರ ಮಾತಿನಂತೆ ಕೇಳಿಸಿತ್ತು.

ನಾವು ಮುಂಬಯಿ ಅಂದದ್ದು ಸುಳ್ಳಲ್ಲ. ಕ್ಲೌಡ್ ಅಂತಾರೆ, ಮೋಡ ಅಂತಾರೆ. ಮೋಡಗೀಡ ಏನೂ ಇಲ್ಲ. ನೆಲದ ಮೇಲೆ ಕಟ್ಟಡ, ಕಟ್ಟಡದೊಳಗೆ ಕಪಾಟು, ಕಪಾಟಿನಲ್ಲಿ ಯಂತ್ರ. ಅಮೆಜಾನಿನವರು 2016ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಇಂಥ ಕಟ್ಟಡಗಳ ಸಮೂಹ ತೆರೆದರು. ಒಂದು ಜಾಲತಾಣಕ್ಕೆ ಒಮ್ಮೆಗೇ ಸಾವಿರಾರು ಜನ ಬಂದರೆ ಒಂದು ಯಂತ್ರ ತಡೆಯಲಾರದು. ಹತ್ತು ಯಂತ್ರ ಇಟ್ಟು, ಅವುಗಳ ಮುಂದೆ ಹಂಚುವವನೊಬ್ಬನನ್ನು ನಿಲ್ಲಿಸುತ್ತಾರೆ. ಅವನೇ ಲೋಡ್ ಬ್ಯಾಲೆನ್ಸರ್. ಬಂದ ಕೋರಿಕೆಗಳನ್ನು ಸರದಿಯ ಮೇಲೆ ಒಂದೊಂದು ಯಂತ್ರಕ್ಕೆ ಕಳಿಸುತ್ತಾನೆ. ನೀರುಗಂಟಿ ಅಂದರೆ ಅದೇ ತಾನೆ?

ಯಂತ್ರ ಬದುಕಿದೆಯೋ ಇಲ್ಲವೋ ಅಂತ ಆಗಾಗ ಇವನು ಕೇಳುತ್ತಾನೆ. ನಾವು ಬೇರೆ ಹೇಳದಿದ್ದರೆ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ 30 ಸೆಕೆಂಡಿಗೊಮ್ಮೆ ಕೇಳುತ್ತದೆ. ಯಂತ್ರ "200" ಅಂದರೆ ಆರೋಗ್ಯ ಸರಿ. ಆದರೆ ಸಾಮಾನ್ಯವಾಗಿ ಈ ಪ್ರಶ್ನೆಗೆಂದೇ ಒಂದು ಹಗುರವಾದ ಪುಟ ಇಟ್ಟಿರುತ್ತಾರೆ. ಅದು ಒಳಗಿನ ಡೇಟಾಬೇಸನ್ನು ಮುಟ್ಟುವುದಿಲ್ಲ, ಕಷ್ಟದ ಕೆಲಸ ಯಾವುದನ್ನೂ ಮಾಡುವುದಿಲ್ಲ. ಸಾಹೇಬರು ಪಂಚಾಯಿತಿ ಜಗಲಿ ಮೇಲೆ ಕೂತು "ಊರಲ್ಲಿ ಎಲ್ಲಾ ಚೆನ್ನಾಗಿದೆಯಾ" ಅಂತ ಕೇಳಿ, "ಚೆನ್ನಾಗಿದೆ ಸ್ವಾಮಿ" ಅನ್ನಿಸಿಕೊಂಡು ಜೀಪು ಹತ್ತಿದ ಹಾಗೆ. ಕೇರಿಗೆ ಬಂದು ನೋಡಿದವರು ಯಾರು?

ಆದ್ದರಿಂದ ಇನ್ನೊಂದು ಲೆಕ್ಕ ಬೇಕು. ಕೋರಿಕೆ ಹಂಚುವವನ ಕೈಬಿಟ್ಟ ಗಳಿಗೆಯಿಂದ ಯಂತ್ರ ಉತ್ತರ ಶುರುಮಾಡುವ ಗಳಿಗೆಯವರೆಗೆ ಎಷ್ಟು ಸೆಕೆಂಡು? ಇದಕ್ಕೆ ಟಾರ್ಗೆಟ್ ರೆಸ್ಪಾನ್ಸ್ ಟೈಮ್ ಅಂತ ಹೆಸರು. ನಿಮಿಷಕ್ಕೊಮ್ಮೆ ಈ ಅಂಕಿ ನಮ್ಮ ಪರದೆಗೆ ಬರುತ್ತದೆ. ನಾವು ಕಾಯುವುದು ಇದನ್ನೇ. ನಮಗೆ ಕೆಲಸ ಕಲಿಸಿದವರು ಪರದೆಗೆ ಹಾಕಿಕೊಟ್ಟಿದ್ದು ಇದರ ಸರಾಸರಿಯನ್ನು. ಸರಾಸರಿ 1 ಸೆಕೆಂಡು ದಾಟಿದರೆ ಗಂಟೆ ಹೊಡೆಯಬೇಕು. ಅಷ್ಟೆ.

ಕಳೆದ ವರ್ಷದ ಒಂದು ರಾತ್ರಿಯ ಸಂಗತಿ ಹೇಳಬೇಕು. ನಮ್ಮ ಕಂಪನಿ ನೋಡಿಕೊಳ್ಳುತ್ತಿದ್ದ ಒಂದು ಪ್ರವೇಶದ ಪೋರ್ಟಲಿಗೆ ಅರ್ಜಿ ಹಾಕಲು ಕೊನೆಯ ದಿನ. ರಾತ್ರಿ 12ಕ್ಕೆ ಬಾಗಿಲು ಮುಚ್ಚುತ್ತದೆ. ಹತ್ತೂವರೆಗೆ ಅಕ್ಕನ ಮಗಳ ಫೋನು. ತಾಲ್ಲೂಕಿನ ಸೈಬರ್ ಸೆಂಟರಿನಿಂದ.

"ಮಾವ, ಸುತ್ತುತ್ತಾನೇ ಐತೆ. ಎಂಟು ಗಂಟೆಯಿಂದ ಒತ್ತುತಾ ಇದೀನಿ. ಅಂಗಡಿಯವ್ರು ಬಾಗ್ಲು ಹಾಕ್ತೀನಿ ಅಂತವ್ರೆ."

"ಅಮ್ಮ ಎಲ್ಲಿ?"

"ಹೊರಗೆ ಮೆಟ್ಲ ಮೇಲೆ ಕೂತವಳೆ. ಕೊನೇ ಬಸ್ಸು ಹೋಯ್ತು."

ನಾವು ಪರದೆ ನೋಡಿದೆವು. ಹಸಿರು. ಸರಾಸರಿ 0.8 ಸೆಕೆಂಡು. ನಮ್ಮ ಮೇಲಿನವರನ್ನು ಕೇಳಿದರೆ, "ಎಲ್ಲಾ ಗ್ರೀನ್ ಇದೆಯಲ್ರೀ, ಅವರ ಕಡೆ ನೆಟ್ ಸರಿಯಿಲ್ಲ ಬಿಡಿ, ಹಳ್ಳಿ ಕಡೆ ಹಂಗೇ" ಅಂದರು. ಹಳ್ಳಿ ಕಡೆ ಹಂಗೇ. ಈ ಮಾತನ್ನು ನಾವು ಎಷ್ಟು ಕಚೇರಿಗಳಲ್ಲಿ ಕೇಳಿಲ್ಲ!

ತಾತನ ಮಾತು ನೆನಪಾಗಿದ್ದು ಆಗ. ಸರಾಸರಿ ಬಿಟ್ಟು ಪಿ-99 ತೆಗೆದೆವು. ಅಂದರೆ ನೂರು ಕೋರಿಕೆಗಳನ್ನು ಬೇಗ ಆದದ್ದರಿಂದ ತಡವಾದದ್ದರ ವರೆಗೆ ಸಾಲಾಗಿ ನಿಲ್ಲಿಸಿದರೆ 99ನೆಯದು ಎಷ್ಟು ಹೊತ್ತು ಕಾಯಿತು ಅನ್ನುವ ಲೆಕ್ಕ. 30 ಸೆಕೆಂಡು.

ಮೇಷ್ಟ್ರುಗಳು ಇದನ್ನು ಬೋರ್ಡಿನ ಮೇಲೆ ಮಾಡಿ ತೋರಿಸಬಹುದು. ನೂರರಲ್ಲಿ 98 ಕೋರಿಕೆಗೆ 0.2 ಸೆಕೆಂಡು ಹಿಡಿಯಿತು ಅನ್ನಿ, ಒಟ್ಟು 19.6. ಉಳಿದ ಎರಡಕ್ಕೆ 30 ಸೆಕೆಂಡು, ಒಟ್ಟು 60. ಎರಡನ್ನೂ ಕೂಡಿ ನೂರರಿಂದ ಭಾಗಿಸಿ. 0.8 ಸೆಕೆಂಡು ಕೂಡ ಆಗುವುದಿಲ್ಲ. ಗಂಟೆ ಹೊಡೆಯುವುದಿಲ್ಲ. ಪಿ-95 ನೋಡಿದರೂ 0.2 ಅಂತಲೇ ತೋರಿಸುತ್ತದೆ. ಆ ಇಬ್ಬರು ಕಾಣಬೇಕಾದರೆ ಸಾಲಿನ ತೀರಾ ಕೊನೆಗೇ ಹೋಗಿ ನಿಲ್ಲಬೇಕು.

ಆ ಇಬ್ಬರು ಯಾರು? ಅದಕ್ಕೆ ಲಾಗು ಓದಬೇಕು. ಹಂಚುವವನು ಪ್ರತಿ ಕೋರಿಕೆಗೂ ಒಂದು ಸಾಲು ಬರೆದಿಡಬಲ್ಲ: ಯಾವ ಪುಟ ಕೇಳಿದರು, ಎಷ್ಟು ಹೊತ್ತಾಯಿತು, ಏನು ಉತ್ತರ ಹೋಯಿತು. ಆದರೆ ತಾನಾಗಿ ಬರೆಯುವುದಿಲ್ಲ, ಬರೆ ಅಂತ ನಾವು ಹೇಳಿರಬೇಕು. ಪುಣ್ಯಕ್ಕೆ ಯಾರೋ ಹೇಳಿಟ್ಟಿದ್ದರು. ಓದಿದೆವು. ಮುಖಪುಟ, ಪ್ರಕಟಣೆ, ಚಿತ್ರಗಳು, ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿವೆ. ತಡವಾದ ಸಾಲುಗಳೆಲ್ಲ ಒಂದೇ ಪುಟದವು. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರು ಹಾಕಿ ಅರ್ಜಿ ಸಲ್ಲಿಸುವ ಪುಟ.

ಮೀಸಲಾತಿಯ ಕಾಲಂ ತುಂಬದವರ ಅರ್ಜಿ ನೇರ ಒಳಗೆ ಹೋಗುತ್ತಿತ್ತು. ನಮ್ಮ ಮಕ್ಕಳ ಅರ್ಜಿ ಬಂದಾಗ ಮಾತ್ರ ನಮ್ಮ ಯಂತ್ರ ಇನ್ನೊಂದು ಕಡೆಯ ಯಂತ್ರವನ್ನು "ಈ ನಂಬರು ನಿಜವಾ" ಅಂತ ಕೇಳಿ, ಉತ್ತರ ಬರುವವರೆಗೆ ಕೈಕಟ್ಟಿ ನಿಲ್ಲುತ್ತಿತ್ತು. ಕೊನೆಯ ದಿನದ ನೂಕುನುಗ್ಗಲಿನಲ್ಲಿ ಆ ಯಂತ್ರ ಸುಸ್ತಾಗಿತ್ತು. ಎಷ್ಟು ಹೊತ್ತು ಕಾಯಬೇಕು ಅಂತ ನಮ್ಮ ಕೋಡಿನಲ್ಲಿ ಮಿತಿಯೇ ಬರೆದಿರಲಿಲ್ಲ. 60 ಸೆಕೆಂಡು ಉತ್ತರ ಬರದಿದ್ದರೆ ಹಂಚುವವನು 504 ಅಂತ ಹೇಳಿ ಕಳಿಸಿಬಿಡುತ್ತಾನೆ. ಹುಡುಗಿ ಮತ್ತೆ ಒತ್ತುತ್ತಾಳೆ. ಹಳೆಯ ಕೋರಿಕೆ ಹಿಂದಿನ ಯಂತ್ರದಲ್ಲಿ ಇನ್ನೂ ನಿಂತೇ ಇರುತ್ತದೆ, ಹೊಸದು ಅದರ ಬೆನ್ನಿಗೆ ಬಂದು ನಿಲ್ಲುತ್ತದೆ. ಒತ್ತಿದಷ್ಟೂ ಸಾಲು ಉದ್ದ.

ಇನ್ನೊಂದು ನೋಡಿದೆವು. 60 ಸೆಕೆಂಡು ಕಾದು ಉತ್ತರವೇ ಸಿಗದೆ ಹೋದವರ ಸಾಲಿನಲ್ಲಿ, ಸಮಯದ ಜಾಗದಲ್ಲಿ -1 ಅಂತ ಇರುತ್ತದೆ. ಉತ್ತರವೇ ಬರದಿದ್ದ ಮೇಲೆ ಉತ್ತರಕ್ಕೆ ಹಿಡಿದ ಸಮಯ ಎಲ್ಲಿಂದ ಬರಬೇಕು? ಸರಾಸರಿ ತೆಗೆಯುವ ಮುಂಚೆ ಈ -1ಗಳನ್ನು ಜರಡಿ ಹಿಡಿದು ಆಚೆ ಹಾಕುವುದು ವಾಡಿಕೆ. ಇಲ್ಲದಿದ್ದರೆ ಲೆಕ್ಕ ಕೆಡುತ್ತದಂತೆ. ಎಲ್ಲರಿಗಿಂತ ಹೆಚ್ಚು ಕಾದವರು ಲೆಕ್ಕದಲ್ಲೇ ಇಲ್ಲ. ಎಷ್ಟೋ ತಿಂಗಳು ನಾವೇ ನಮ್ಮ ಕೈಯಿಂದ ಆ ಜರಡಿ ಹಿಡಿದಿದ್ದೆವು.

ಗೆಳೆಯರೇ, ಯಂತ್ರಕ್ಕೆ ಜಾತಿ ಇದೆ ಅಂತ ನಾವು ಹೇಳುತ್ತಿಲ್ಲ. ಆ ಕೋಡು ಬರೆದವನು ಕೆಟ್ಟವನೂ ಅಲ್ಲ, ನಮ್ಮ ಜೊತೆ ಕೂತು ಉಣ್ಣುವವನೇ. ಬರೆದು ಮುಗಿಸಿದ ದಿನ ಅವನು ತನ್ನದೇ ಹೆಸರಿನಲ್ಲಿ ಅರ್ಜಿ ಹಾಕಿ ನೋಡಿದ, ತಕ್ಷಣ ಹೋಯಿತು. ಅವನಿಗೆ ಆರ್‌ಡಿ ನಂಬರು ಹಾಕುವ ಅಗತ್ಯವೇ ಇರಲಿಲ್ಲ. ಅಷ್ಟೇ ನಡೆದದ್ದು. ಆ ಅಷ್ಟರಿಂದಲೇ ನಮ್ಮ ಅಕ್ಕ ರಾತ್ರಿ ಹತ್ತೂವರೆಗೆ ಸೈಬರ್ ಸೆಂಟರಿನ ಮೆಟ್ಟಿಲ ಮೇಲೆ ಕೂತಿದ್ದಳು.

ಬಾಬಾಸಾಹೇಬರು ತಮ್ಮ ಬಾಲ್ಯದ ಕತೆಯನ್ನು "ವೇಟಿಂಗ್ ಫಾರ್ ಎ ವೀಸಾ" ಎಂಬ ಬರಹದಲ್ಲಿ ಹೇಳಿದ್ದಾರೆ. ಶಾಲೆಯಲ್ಲಿ ನಲ್ಲಿ ಇತ್ತು, ನೀರೂ ಇತ್ತು. ಆದರೆ ಅವರು ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಬೇಕು. ಅವನು ಬಾರದ ದಿನ ಬಾಯಾರಿಕೊಂಡೇ ಇರಬೇಕು. ಆ ಶಾಲೆಯಲ್ಲಿ ಒಂದು ಮಗುವಿಗೆ ನೀರು ಕುಡಿಯಲು ಸರಾಸರಿ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಲೆಕ್ಕ ಹಾಕಿದ್ದರೆ ಬಹಳ ಒಳ್ಳೆಯ ಅಂಕಿಯೇ ಬರುತ್ತಿತ್ತು. 1927ರ ಮಾರ್ಚ್ 20ರಂದು ಮಹಾಡದ ಕೆರೆಗೆ ಸಾವಿರಾರು ಜನರೊಂದಿಗೆ ಇಳಿದು ಅವರು ನೀರು ಕುಡಿದದ್ದು ಆ ಕಾಯುವಿಕೆಯನ್ನು ಮುಗಿಸುವುದಕ್ಕೆ.

ಈ ಬಾಲದ ಲೆಕ್ಕ ನಮ್ಮ ಕಸುಬಿನ ದೊಡ್ಡವರಿಗೆ ಗೊತ್ತಿಲ್ಲದ್ದೇನೂ ಅಲ್ಲ. 2013ರಲ್ಲಿ ಗೂಗಲಿನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ ಇದರ ಮೇಲೇ ಲೇಖನ ಬರೆದರು. ಒಂದೊಂದು ಯಂತ್ರ ನೂರಕ್ಕೆ ಒಂದು ಸಲ ಮಾತ್ರ 1 ಸೆಕೆಂಡಿಗಿಂತ ತಡಮಾಡಲಿ. ಒಂದು ಪುಟಕ್ಕೆ ಅಂಥ ನೂರು ಯಂತ್ರಗಳ ಉತ್ತರ ಬೇಕಿದ್ದರೆ ನೂರರಲ್ಲಿ 63 ಪುಟಗಳು ತಡವಾಗುತ್ತವೆ ಅಂತ ತೋರಿಸಿದರು. ಕೊನೆಯವನ ತಡ ಎಲ್ಲರ ತಡವಾಗುತ್ತದೆ ಅಂತ ಅರ್ಥ. ಇದು ಪುಸ್ತಕದಲ್ಲಿದೆ. ನಮ್ಮ ಗೋಡೆಯ ಮೇಲೆ ಇರಲಿಲ್ಲ.

ಆ ರಾತ್ರಿ ಮೇಲಿನವರಿಗೆ ಲಾಗಿನ ಸಾಲು ತೋರಿಸಿದೆವು. ಸುಮ್ಮನಾದರು, ಅನುಮತಿ ಕೊಟ್ಟರು. ಆ ಪುಟಕ್ಕೆ ಬೇರೆ ಯಂತ್ರಗಳನ್ನು ಮೀಸಲಿಟ್ಟೆವು. ಅರ್ಜಿ ಮೊದಲು ತಗೋ, ನಂಬರನ್ನು ಆಮೇಲೆ ಪರೀಕ್ಷಿಸು ಅಂತ ಕೋಡು ಬದಲಾಯಿಸಿದೆವು. ಹನ್ನೊಂದೂ ನಲವತ್ತಕ್ಕೆ ಪಿ-99 ಇಳಿಯಿತು. ಹನ್ನೊಂದೂ ಐವತ್ತೆರಡಕ್ಕೆ ಫೋನು: "ಹೋಯ್ತು ಮಾವ." ಅಷ್ಟು ಹೇಳಿ ಹುಡುಗಿ ಅತ್ತಳು.

ಉಳಿದವರು? ಲಾಗಿನಲ್ಲಿ ಹೆಸರು ಇರುವುದಿಲ್ಲ. ಒಬ್ಬಳೇ ಹತ್ತು ಸಲ ಒತ್ತಿದ್ದಾಳೋ, ಹತ್ತು ಜನ ಒಂದೊಂದು ಸಲ ಒತ್ತಿ ಮನೆಗೆ ಹೋದರೋ ತಿಳಿಯುವುದಿಲ್ಲ. ಬೆಳಿಗ್ಗೆ ಹೋದ ವರದಿಯಲ್ಲಿ ಸರಾಸರಿ 0.8 ಸೆಕೆಂಡು ಅಂತಲೇ ಇತ್ತು. ನಾವು ಮೂವರೂ ಸಹಿ ಹಾಕಿ -1ಗಳ ಎಣಿಕೆಯನ್ನು ಬೇರೆ ಹಾಳೆಯಲ್ಲಿ ಕೊಟ್ಟೆವು, ಬಾಗಿಲು ಮತ್ತೆ ತೆರೆಯಿರಿ ಅಂತ ಕೇಳಿದೆವು. ಮೂರನೇ ದಿನ ಅರ್ಧ ದಿನ ತೆರೆದರು. ತೆರೆದ ಸುದ್ದಿಯನ್ನು ಪೋರ್ಟಲಿನಲ್ಲಿ ಮಾತ್ರ ಹಾಕಿದರು. ಸೈಬರ್ ಸೆಂಟರಿನಿಂದ ಸೋತು ಊರಿಗೆ ಹೋದ ಹುಡುಗ ಅದನ್ನು ಎಲ್ಲಿ ನೋಡಬೇಕು?

ಈಗ ನಮ್ಮ ಗೋಡೆಯ ಮೇಲೆ ಸರಾಸರಿಯ ಪಕ್ಕದಲ್ಲಿ ಪಿ-99 ಇದೆ. ಉತ್ತರ ಸಿಗದೆ ಹೋದವರ ಎಣಿಕೆ ಅದರ ಕೆಳಗಿದೆ. ಅದು ಸೊನ್ನೆ ಬಿಟ್ಟು ಮೇಲೆ ಎದ್ದರೆ ಗಂಟೆ ಹೊಡೆಯುತ್ತದೆ. ಈ ಮೂರು ಗೆರೆ ಹಾಕಿಸುವುದಕ್ಕೆ ನಾವು ನಾಲ್ಕು ಮೀಟಿಂಗಿನಲ್ಲಿ ಜಗಳ ಆಡಬೇಕಾಯಿತು.

ಹಳ್ಳಿಗಳಲ್ಲಿ ಮಕ್ಕಳ ಅರ್ಜಿ ತುಂಬಿಸುವ ಮೇಷ್ಟ್ರುಗಳಲ್ಲಿ, ಹಾಸ್ಟೆಲಿನ ಗೆಳೆಯರಲ್ಲಿ ಒಂದು ಮಾತು. ಪುಟ ತೆರೆಯದಿದ್ದರೆ ಸುಮ್ಮನೆ ಎದ್ದು ಬರಬೇಡಿ. ನೆಟ್ ಸರಿಯಿಲ್ಲ ಅಂತ ನೀವೇ ಒಪ್ಪಿಕೊಳ್ಳಬೇಡಿ. ಗಡಿಯಾರ ನೋಡಿ: ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಒತ್ತಿದಿರಿ, ಎಷ್ಟು ಹೊತ್ತು ಕಾದಿರಿ, ಕೊನೆಗೆ ಯಾವ ನಂಬರು ಬಂತು, 502ವೋ 503ವೋ 504ವೋ. ಪರದೆಯ ಫೋಟೋ ತೆಗೆದಿಡಿ. ಹತ್ತು ಊರಿನವರು ಸೇರಿಸಿ ಒಂದೇ ಮನವಿ ಬರೆಯಿರಿ. ಆ ಗಂಟೆ, ಆ ನಿಮಿಷ ಕೈಲಿದ್ದರೆ ಲಾಗಿನಲ್ಲಿ ನಿಮ್ಮ ಸಾಲನ್ನು ಹುಡುಕಿ ತೆಗೆಯಬಹುದು. ಇಲ್ಲ ಅನ್ನಲು ಯಾರಿಗೂ ಆಗುವುದಿಲ್ಲ.

ಇಂಥ ಪರದೆಗಳ ಮುಂದೆ ರಾತ್ರಿ ಕೂತಿರುವ ನಮ್ಮ ಕೇರಿಯ ಹುಡುಗರು, ಹುಡುಗಿಯರು ಈಗ ಒಬ್ಬಿಬ್ಬರಲ್ಲ. ನಿಮ್ಮ ಗೋಡೆಯ ಮೇಲೆ ಯಾವ ಗೆರೆ ಇದೆ, ಯಾವುದು ಇಲ್ಲ ಅಂತ ನಾಳೆ ಪಾಳಿಗೆ ಹೋದಾಗ ಒಮ್ಮೆ ನೋಡಿ. ತೂಬು ನಮ್ಮ ಕೈಯಲ್ಲಿದೆ. ಕೊನೆಯ ಗದ್ದೆಯವರೆಗೆ ನಡೆದು ನೋಡಿ ಬರೋಣ.