ಹ್ಯಾಂಡಲ್ ಒಳಗಿನ ವೈರು

ಅಪ್ಪನ ಯೆಜ್ಡಿ ಮೈಸೂರಲ್ಲೇ ಹುಟ್ಟಿದ ಗಾಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಮಾತ್ರ ಇನ್ನೂ ಓಡ್ತಿದೆ. ಹ್ಯಾಂಡಲ್ ಮೇಲೆ ಟೇಪು ಸುತ್ತಿದ ವೈರು ನೋಡೋಕೆ ಅಸಹ್ಯ. ಅಪ್ಪ ಊರಲ್ಲಿಲ್ಲದ ಭಾನುವಾರ ಎರಡು ತೂತು ಕೊರೆದು, ಸೈಕಲ್ ಬ್ರೇಕ್ ಕೇಬಲ್ಲಿಗೆ ವೈರು ಕಟ್ಟಿ ಒಳಗಿಂದ ಎಳೆದೆ. ನೀಟಾಗಿ ಬಂತು!

ಎರಡೇ ದಿನ.. ಎಡಕ್ಕೆ ತಿರುಗಿಸಿದರೆ ಹಾರನ್ ತಾನಾಗಿ ಕೂಗತೊಡಗಿತು. ತೂತಿನ ಚೂಪು ಅಂಚು ವೈರಿನ ಸಿಪ್ಪೆ ಹೆರೆದು, ತಾಮ್ರ ಹ್ಯಾಂಡಲಿಗೆ ತಗುಲಿ ಅರ್ಥ್ ಆಗ್ತಿತ್ತು. ಹಾರನ್ ಸ್ವಿಚ್ ಮಾಡೋದೂ ಅದನ್ನೇ ತಾನೆ?

ಅಪ್ಪ ಬೈಯಲಿಲ್ಲ. ದುಂಡು ಅರ ತಂದು ಅಂಚು ಉಜ್ಜಿದರು, ಹೊಸ ವೈರು ಎಳೆದು ರಬ್ಬರ್ ಬುಷ್ ಕೂರಿಸಿದರು. "ತೂತು ಮುಚ್ಚೋಕಾಗಲ್ಲ ಕಣೋ" ಅಂದರು, ಅಷ್ಟೇ.

ನೀವೂ ಕೊರೆಯೋರಿದ್ರೆ ಮೊದಲು ಅರ ಹುಡುಕಿಟ್ಕೊಳ್ಳಿ. ಅಪ್ಪನನ್ನೂ ಒಂದು ಮಾತು ಕೇಳಿ :)