ಡೆಲಾನೊದಲ್ಲಿ ತಮಾಲೆ ದಿನ

ಡಿಸೆಂಬರ್ 23, ಬೆಳಗಿನ ಐದು ಗಂಟೆ. ಎದುರು ಮನೆಯ ದೀಪವೂ ಕಾಣದಷ್ಟು ಮಂಜು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಚಳಿಗಾಲವೇ ಹೀಗೆ. ನೆಲಕ್ಕೆ ಅಂಟಿಕೊಂಡು ಬೀಳುವ ಈ ಮಂಜನ್ನು ಇಲ್ಲಿಯವರು ಟೂಲಿ ಮಂಜು ಅನ್ನುತ್ತಾರೆ. 99ನೇ ಹೆದ್ದಾರಿಯ ಲಾರಿಗಳು ಕಿವಿಗೆ ಮಾತ್ರ ಇವೆ, ಕಣ್ಣಿಗಿಲ್ಲ. ಡೆಲಾನೊ ಊರಿನ ಪುಟ್ಟ ಮನೆಯೊಂದರ ಹಿಂಬಾಗಿಲು ತಳ್ಳಿ ನೀವು ಅಡುಗೆಮನೆಗೆ ಕಾಲಿಡುತ್ತೀರಿ. ಇಟ್ಟೊಡನೆ ಕೆಮ್ಮು.

ಕಾವಲಿಯ ಮೇಲೆ ಒಣಮೆಣಸಿನಕಾಯಿ ಹುರಿಯುತ್ತಿದೆ. ಈ ಘಾಟು ನಿಮಗೆ ಹೊಸದಲ್ಲ. ಮೆಣಸಿನಕಾಯಿ ಪೋರ್ಚುಗೀಸರ ಹಡಗು ಹತ್ತಿ ನಮ್ಮ ಒಗ್ಗರಣೆಗೆ ಬಂದದ್ದು ಈ ಖಂಡದಿಂದಲೇ.

“ಬಾಗಿಲು ಹಾಕು ಮಿಹೋ, ಚಳಿ ಬರುತ್ತೆ” ಅನ್ನುತ್ತಾರೆ ಅಜ್ಜಿ, ತಿರುಗಿಯೂ ನೋಡದೆ.

ಅವರಿಗೆ ಅರವತ್ತೆಂಟು. ಹೆಸರು ಕೇಳಬೇಡಿ, ಈ ಕಣಿವೆಯಲ್ಲಿ ಇಂಥ ಅಜ್ಜಿಯರು ಬೀದಿಗೊಬ್ಬರು, ಅಂಥ ಹಲವರ ಬದುಕು ಕೂಡಿ ಆದ ಒಬ್ಬಾಕೆ ಇವರು. ಕ್ರಿಸ್‌ಮಸ್ ಹಿಂದಿನ ರಾತ್ರಿಗೆ ತಮಾಲೆ, ಅಂದರೆ ಮೆಕ್ಕೆಜೋಳದ ಕಡುಬು, ಆಗಲೇಬೇಕು, ಅದೂ ಡಜನ್‌ಗಟ್ಟಲೆ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ನೆನೆಯಲು ಬಿಟ್ಟು, ತೊಳೆದು ರುಬ್ಬಿದರೆ ಮಾಸಾ ಹಿಟ್ಟು. ಈ ಸುಣ್ಣದ ಉಪಾಯ ಕಲಿಯದೆ ಬರೀ ಜೋಳ ಒಯ್ದ ಯುರೋಪಿನಲ್ಲಿ ಅದನ್ನೇ ನೆಚ್ಚಿ ಬದುಕಿದ ಬಡವರಿಗೆ ಪೆಲಾಗ್ರ ಕಾಯಿಲೆ ಬಂತು. ಮಾಸಾಕ್ಕೆ ಹಂದಿಕೊಬ್ಬು, ಮಾಂಸ ಬೇಯಿಸಿದ ನೀರು ಹಾಕಿ ಅಜ್ಜಿ ಮೊಣಕೈವರೆಗೂ ಕೈಯಿಳಿಸಿ ನಾದುತ್ತಾರೆ. ಒಂದು ಗೋಲಿಯಷ್ಟು ಹಿಟ್ಟನ್ನು ಲೋಟದ ನೀರಿಗೆ ಬಿಡುತ್ತಾರೆ. ಮುಳುಗಿತು. ಮತ್ತೆ ನಾದು. ತೇಲುವವರೆಗೂ ಬಿಡುವ ಹಾಗಿಲ್ಲ.

ಆ ಕೈಗಳನ್ನು ನೋಡಿ. ಬಲಗೈ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ. ದ್ರಾಕ್ಷಿ ಗೊಂಚಲು ಕತ್ತರಿಸುವ ಕತ್ತರಿಯನ್ನು ಮೂರು ದಶಕ ಹಿಡಿದ ಕೈ ಅದು. 1965ರಲ್ಲಿ ಫಿಲಿಪಿನೊ ಮತ್ತು ಮೆಕ್ಸಿಕನ್ ಕೂಲಿಗಳು ಸೇರಿ ದೊಡ್ಡ ಮುಷ್ಕರ ಹೂಡಿದ್ದು ಇದೇ ಊರಿನ ದ್ರಾಕ್ಷಿ ತೋಟಗಳಲ್ಲಿ. ಮುಂದಾಳುಗಳಾದ ಲ್ಯಾರಿ ಇಟ್ಲಿಯಾಂಗ್, ಸೆಸರ್ ಚಾವೆಜ್, ಡೊಲೊರೆಸ್ ಹುಯೆರ್ತಾ ಅವರ ಹೆಸರು ಹೊರಗೆ ಗೊತ್ತಾದದ್ದು ಆಗ. ಅಜ್ಜಿ ಬಂದಿದ್ದು ಅದೆಲ್ಲ ಮುಗಿದ ಮೇಲೆ, 1984ರಲ್ಲಿ. ಮುಖಕ್ಕೆ ಬಟ್ಟೆ, ಉದ್ದ ತೋಳು, ನಲವತ್ತು ಡಿಗ್ರಿ ಬಿಸಿಲು. ಬಯಲಲ್ಲಿ ದುಡಿಯುವವರಿಗೆ ನೆರಳು, ನೀರು ಕೊಡಲೇಬೇಕೆಂದು ಕ್ಯಾಲಿಫೋರ್ನಿಯಾ ನಿಯಮ ಮಾಡಿದ್ದು 2005ರಲ್ಲಿ. ಅಷ್ಟು ಹೊತ್ತಿಗೆ ಅವರ ಹೆಬ್ಬೆರಳು ಕೈಕೊಟ್ಟಾಗಿತ್ತು.

ಮೆಕ್ಸಿಕೊದ ಮಿಚೋವಾಕಾನ್‌ನಿಂದ ಹೊರಟಾಗ ಮಗನಿಗೆ ಏಳು, ಮಗಳಿಗೆ ಎರಡು. ಇಬ್ಬರನ್ನೂ ತಾಯಿಯ ಮಡಿಲಿಗೆ ಹಾಕಿ ಬಂದರು. ಮಗನ ಹಲ್ಲು ಬಿದ್ದ ಸುದ್ದಿ ತಲುಪುವ ಹೊತ್ತಿಗೆ ಹೊಸ ಹಲ್ಲು ಹುಟ್ಟಿತ್ತಂತೆ. ಇದನ್ನು ಹೇಳುವಾಗ ಅಜ್ಜಿ ನಗುತ್ತಾರೆ. ನೀವು ನಗಬೇಕೋ ಬೇಡವೋ ತಿಳಿಯದೆ ನಿಲ್ಲುತ್ತೀರಿ.

ಆರು ಗಂಟೆಗೆ ಮಗಳು ಬರುತ್ತಾಳೆ, ನಿದ್ದೆಗಣ್ಣಿನ ಇಬ್ಬರು ಮಕ್ಕಳನ್ನು ಮುಂದೆ ತಳ್ಳಿಕೊಂಡು. ಆಕೆಗೆ ಕಿತ್ತಳೆ ಪ್ಯಾಕಿಂಗ್ ಶೆಡ್‌ನಲ್ಲಿ ಕೆಲಸ, ಹಬ್ಬದ ಮುನ್ನಾದಿನಗಳಲ್ಲೇ ಹೊರೆ ಜಾಸ್ತಿ. “ಅಮಾ, ಚಿಕ್ಕವನಿಗೆ ಕೆಮ್ಮು. ಅವನಿಗೆ ಸೋಡಾ ಕೊಡಬೇಡಿ.” “ನಿನ್ನನ್ನು ಬೆಳೆಸಿದ್ದು ಯಾರು, ಸೋಡಾನಾ?” ಅನ್ನುತ್ತಾರೆ ಅಜ್ಜಿ. ಮಗಳು ಉತ್ತರಿಸುವುದಿಲ್ಲ. ತನ್ನನ್ನು ಬೆಳೆಸಿದ್ದು ಯಾರು ಅನ್ನುವುದು ಇಬ್ಬರಿಗೂ ಗೊತ್ತು.

ಗೋಲಿ ತೇಲಿತು. ಇನ್ನು ಎಲ್ಲರ ಕೈಗೂ ಕೆಲಸ. ಬಿಸಿನೀರಲ್ಲಿ ನೆನೆದ ಜೋಳದ ತೆನೆಯ ಸಿಪ್ಪೆ, ಅದರ ನುಣುಪು ಬದಿಗೆ ಹಿಟ್ಟು ಸವರಿ, ನಡುವೆ ಕೆಂಪು ಖಾರದಲ್ಲಿ ಬೆಂದ ಹಂದಿಮಾಂಸ ಇಟ್ಟು, ಕೊಟ್ಟೆ ಕಡುಬಿನ ಹಾಗೆ ಹಬೆಗೆ ನಿಲ್ಲಿಸುವುದು. ಪಾತ್ರೆಯ ತಳದ ನೀರಿಗೆ ಅಜ್ಜಿ ಒಂದು ನಾಣ್ಯ ಹಾಕುತ್ತಾರೆ. ಅದು ಟಕಟಕ ಅನ್ನುತ್ತಿರುವವರೆಗೆ ನೀರಿದೆ. ಸದ್ದು ನಿಂತರೆ ನೀರು ಹೊಯ್ಯಬೇಕು. ಇದಕ್ಕಿಂತ ಒಳ್ಳೆಯ ಯಂತ್ರವನ್ನು ನಾನಂತೂ ಯಾವ ಅಡುಗೆಮನೆಯಲ್ಲೂ ಕಂಡಿಲ್ಲ.

ಮೊಮ್ಮಗಳು ಹಿಟ್ಟು ಸವರುತ್ತಲೇ ಪಕ್ಕದ ಹಾಳೆ ನೋಡಿ ಕೇಳುತ್ತಾಳೆ: “ಅಬುವೆಲಿತಾ, ಧ್ವಜದಲ್ಲಿ ಐವತ್ತು ನಕ್ಷತ್ರ ಯಾಕೆ?”

“ರಾಜ್ಯಕ್ಕೊಂದು.”

ಅಜ್ಜಿ ಅಮೆರಿಕದ ಪೌರತ್ವದ ಪರೀಕ್ಷೆಗೆ ಓದುತ್ತಿದ್ದಾರೆ. ಅರವತ್ತೈದು ದಾಟಿ, ಇಪ್ಪತ್ತು ವರ್ಷ ಗ್ರೀನ್ ಕಾರ್ಡ್ ಇದ್ದವರಿಗೆ ರಿಯಾಯಿತಿ ಉಂಟು: ಓದಲು ಇಪ್ಪತ್ತೇ ಪ್ರಶ್ನೆ, ಉತ್ತರ ಸ್ಪ್ಯಾನಿಷ್‌ನಲ್ಲೇ ಹೇಳಬಹುದು. ಕಾರ್ಡ್ ಸಿಕ್ಕಿದ್ದು ಅಧ್ಯಕ್ಷ ರೇಗನ್ 1986ರಲ್ಲಿ ಸಹಿ ಹಾಕಿದ ಕಾಯಿದೆಯಿಂದ. 1986ರ ಮೇ 1ಕ್ಕೆ ಮುಗಿದ ವರ್ಷದಲ್ಲಿ 90 ದಿನ ಹೊಲ-ತೋಟದಲ್ಲಿ ದುಡಿದದ್ದನ್ನು ತೋರಿಸಿದವರಿಗೆ ಕಾಗದ. ಹಾಗೆ ಕಾಗದ ಪಡೆದವರು ಹತ್ತು ಲಕ್ಷಕ್ಕೂ ಹೆಚ್ಚು. ಅಜ್ಜಿ ಕೂಲಿಯ ಚೀಟಿಗಳನ್ನೆಲ್ಲ ಬಿಸ್ಕತ್ ಡಬ್ಬಿಯಲ್ಲಿ ಜೋಪಾನ ಮಾಡಿದ್ದರು.

ಹಾಗಿದ್ದರೆ ಪೌರತ್ವ ಇಷ್ಟು ತಡವಾಗಿ ಯಾಕೆ? 1998ರವರೆಗೆ ಬೇರೆ ದೇಶದ ಪ್ರಜೆಯಾದರೆ ಮೆಕ್ಸಿಕೊ ತನ್ನ ಪಟ್ಟಿಯಿಂದ ತೆಗೆದುಹಾಕುತ್ತಿತ್ತು. ಆಮೇಲೆ, ಇನ್ನೇನು ಊರಿಗೆ ಹೋಗಿಬಿಡುತ್ತೇನಲ್ಲ ಅನ್ನುವ ಉದಾಸೀನ. ನಡುವೆ ಆಗಿದ್ದು ಇದು: ಮಕ್ಕಳಿಗಾಗಿ ಹಾಕಿದ ಅರ್ಜಿ ಮಗಳಿಗೆ ಫಲಿಸಿತು. ಸಾಲಿನಲ್ಲಿ ಕಾಯುತ್ತಲೇ ಮಗನಿಗೆ ಇಪ್ಪತ್ತೊಂದಾಗಿ, ಇನ್ನೂ ಉದ್ದದ ಸಾಲಿಗೆ ಬಿದ್ದ. 2003ರಲ್ಲಿ ಮದುವೆಯಾದ. ಗ್ರೀನ್ ಕಾರ್ಡ್ ಇದ್ದವರು ಮದುವೆಯಾದ ಮಕ್ಕಳನ್ನು ಕರೆಸುವಂತಿಲ್ಲ. ತಾಳಿ ಕಟ್ಟಿದ ದಿನವೇ ಅರ್ಜಿ ರದ್ದು, ಅಂದರೂ ತಪ್ಪಿಲ್ಲ. ಮದುವೆಗೆ ಹೋದ ಅಜ್ಜಿ ಕುಣಿದಿದ್ದರು. ವಿಷಯ ತಿಳಿದದ್ದು ಆಮೇಲೆ.

ಪ್ರಜೆಯಾದರೆ ಮದುವೆಯಾದ ಮಗನಿಗೂ ಅರ್ಜಿ ಹಾಕಬಹುದು.

ಫೋನ್ ರಿಂಗಾಗುತ್ತದೆ. ಮೊಮ್ಮಗಳು ಅದನ್ನು ಉಪ್ಪಿನ ಡಬ್ಬಿಗೆ ಒರಗಿಸುತ್ತಾಳೆ. ತೆರೆಯಲ್ಲಿ ಮಗ, ತಲೆ ನರೆತಿದೆ. ಹಿಂದೆ ಅವನ ಹೆಂಡತಿ ತಾನು ಮಾಡಿದ ಕೊರುಂದಾ ತೋರಿಸುತ್ತಾಳೆ, ಜೋಳದ ಗಿಡದ ಎಲೆಯಲ್ಲಿ ಮೂಲೆಮೂಲೆಯಾಗಿ ಸುತ್ತಿದ ಅವರ ಸೀಮೆಯ ತಮಾಲೆ. “ಕೊಬ್ಬು ಕಮ್ಮಿಯಾಗಿದೆ” ಅನ್ನುತ್ತಾರೆ ಅಜ್ಜಿ, ನೋಡಿಯೇ.

“ಅಮಾ, ಆ ಪರೀಕ್ಷೆ ಗಿರೀಕ್ಷೆ ಬಿಡಿ” ಅನ್ನುತ್ತಾನೆ ಮಗ. “ನಮ್ಮ ಸಾಲು ಇಪ್ಪತ್ತು ವರ್ಷಕ್ಕೂ ಮೇಲಂತೆ. ನಡುವೆ ನಿಮಗೇನಾದರೂ ಆದರೆ ಅರ್ಜಿಯೂ ಹೋಯಿತು.”

ಅಜ್ಜಿ ಕೈಯ ಹಿಟ್ಟು ಕೊಡವಿ ಬೆರಳು ಮಡಚಿ ಎಣಿಸುತ್ತಾರೆ. “ತೊಂಬತ್ತೆರಡು ಅಂದುಕೋ. ನಮ್ಮಮ್ಮ ತೊಂಬತ್ತನಾಲ್ಕಕ್ಕೆ ಹೋದದ್ದು.” ಮೊಮ್ಮಗಳ ಕಡೆ ತಿರುಗಿ, “ಮುಂದಿನ ಪ್ರಶ್ನೆ ಕೇಳು. ಹಿಟ್ಟು ತೆಳ್ಳಗೆ ಸವರು, ಅದೇನು ಗೋಡೆ ಮೆತ್ತಿದ ಹಾಗೆ.”