ಎರಡು ವಾರ ಬಿಟ್ಟು ಬನ್ನಿ

ಡಿಸ್‌ಚಾರ್ಜ್ ಕಾರ್ಡಿನ ಕೊನೆಯಲ್ಲಿ, ಗುಳಿಗೆಗಳ ಪಟ್ಟಿ ಮುಗಿದ ಮೇಲೆ ಅವಸರದಲ್ಲಿ ಗೀಚಿರುತ್ತಾರಲ್ಲ, ‘ಎರಡು ವಾರ ಬಿಟ್ಟು ಬನ್ನಿ’ ಅಂತ, ಆ ಸಾಲು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಬಂಟ್ವಾಳದಿಂದ ಬರುವವರಿಗೆ ಅದು ಒಂದು ಬಸ್ಸಿನ ಮಾತು. ಅಮಿನಿ ದ್ವೀಪದವರಿಗೆ ಅದು ಹಡಗಿನ ಟಿಕೆಟು, ಆಚೆ ದಡದ ಲಾಡ್ಜು, ಜೊತೆಗೆ ಬರುವವರು ಬಿಟ್ಟುಬರುವ ಕೆಲಸ. ಇಷ್ಟೂ ಹೊಂದಿಸಿಕೊಂಡ ಮೇಲೆ ಸಮುದ್ರದ ಮರ್ಜಿ ಬೇರೆ.

ಎಂಬಿಬಿಎಸ್‌ನ ಇಲೆಕ್ಟಿವ್‌ಗೆಂದು, ಅಂದರೆ ನಾವೇ ಆರಿಸಿಕೊಳ್ಳುವ ಕಲಿಕೆಯ ಅವಧಿಗೆಂದು, ನಾನು ಲಕ್ಷದ್ವೀಪದ ಅಮಿನಿಗೆ ಹೋದವಳು. ಅಲ್ಲಿಂದ ಹೊರಡುವ ದಿನಗಳು ಹತ್ತಿರವಾದಂತೆ ಈ ಸಾಲು ಹೆಚ್ಚು ಹೆಚ್ಚು ಕಣ್ಣಿಗೆ ಬೀಳತೊಡಗಿತು. ಹುಡುಗಿ ಆಚೆ ದಡಕ್ಕೆ ವಾಪಸು ಹೋಗುತ್ತಾಳೆ ಎಂದು ಊರಿಗೆಲ್ಲ ಗೊತ್ತಾದದ್ದೇ ತಡ, ಸಂಜೆಯಾದರೆ ಪ್ಲಾಸ್ಟಿಕ್ ಕವರುಗಳು ಬರುತ್ತಿದ್ದವು. ಒಳಗೆ ಸ್ಕ್ಯಾನಿಂಗ್ ಫಿಲ್ಮು, ಮಡಿಚಿ ಮಡಿಚಿ ಹರಿದ ಚೀಟಿ, ಖಾಲಿಯಾದ ಗುಳಿಗೆಯ ಪಟ್ಟಿ. ‘ಇದೇ ಗುಳಿಗೆ ಸಿಕ್ಕರೆ ಕಳಿಸು’, ‘ಈ ಡಾಕ್ಟರು ಈಗಲೂ ಅಲ್ಲೇ ಇದ್ದಾರಾ ಕೇಳು’, ‘ಇದರಲ್ಲಿ ಏನು ಬರೆದಿದೆ ಸರಿಯಾಗಿ ಓದಿ ಹೇಳು ಮೋಳೇ.’ ಉಳ್ಳಾಲದ ನನಗೆ ಬ್ಯಾರಿ ಭಾಷೆ ಗೊತ್ತಿದ್ದರಿಂದ ಅವರ ಜೆಸರಿ ಮಲಯಾಳ ಅರ್ಧಕ್ಕರ್ಧ ಕಿವಿಗೆ ಹತ್ತುತ್ತಿತ್ತು. ಉಳಿದರ್ಧವನ್ನು ಕೈಸನ್ನೆ ತುಂಬುತ್ತಿತ್ತು.

ಅದೇ ಹೊತ್ತಿಗೆ ನನ್ನ ಫೋನಿಗೆ ಗೆಳತಿಯರ ಮೆಸೇಜು: ‘ಬೀಚ್ ಫೋಟೊ ಎಲ್ಲೇ?’ 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿ ಬಂದ ಮೇಲೆ ಲಕ್ಷದ್ವೀಪವೆಂದರೆ ಎಲ್ಲರಿಗೂ ನೀಲಿ ನೀರು, ಬಿಳಿ ಮರಳು, ಸ್ನಾರ್ಕೆಲಿಂಗ್. ಅವರ ಮೇಲೆ ನನಗೆ ಸಿಟ್ಟಿಲ್ಲ. ನೀರು ನಿಜಕ್ಕೂ ಅಷ್ಟೇ ನೀಲಿ, ಫೋಟೊ ಕಳಿಸಿಯೂ ಕಳಿಸಿದೆ. ಆದರೆ ಅಮಿನಿ ಪೂರಾ ಮೂರು ಚದರ ಕಿಲೋಮೀಟರೂ ಇಲ್ಲದ ನೆಲ. 2011ರ ಜನಗಣತಿಯಲ್ಲೇ ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ. ಮನೆಗೆ ಮನೆ ತಾಗಿಕೊಂಡ ಓಣಿ, ಮಸೀದಿ, ಶಾಲೆ, ಸೈಕಲ್ಲು, ಆಸ್ಪತ್ರೆಯ ಮುಂದೆ ಬಿಪಿ ನೋಡಿಸಲು ನಿಂತ ಸಾಲು. ಅದು ಊರು ಕಣೇ, ಊರು! ರಿಸಾರ್ಟಲ್ಲ.

ಅಲ್ಲಿಯ ಆಸ್ಪತ್ರೆಯೂ ನಮ್ಮದರ ಹಾಗಲ್ಲ. ಮಂಗಳೂರಿನಲ್ಲಿ ಬೆಳಗಾದರೆ ನಾಯಿ ಕಡಿತದವರ ಸಾಲು. ಲಕ್ಷದ್ವೀಪದಲ್ಲಿ ಬೀದಿನಾಯಿಯೇ ಇಲ್ಲ, ರೇಬೀಸೂ ಇಲ್ಲ. ಅದರ ಬದಲು ತೆಂಗಿನ ಮರದಿಂದ ಬಿದ್ದವರು ಬರುತ್ತಾರೆ, ಮೀನಿನ ಮುಳ್ಳು ಚುಚ್ಚಿಸಿಕೊಂಡವರು ಬರುತ್ತಾರೆ. ತೊರಕೆ ಮೀನು ಹೊಡೆದ ಒಬ್ಬ ದೋಣಿಯವರು ಹಲ್ಲು ಕಚ್ಚಿಕೊಂಡು ಬಂದು ಕೂತರು. ಕಾಲನ್ನು ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನ ಬಕೆಟ್ಟಿನಲ್ಲಿ ಇಳಿಸಿ, ನೀರು ಆರಿದ ಹಾಗೆ ಮತ್ತೆ ಬಿಸಿ ಸುರಿಯುತ್ತ ಹೋದೆವು. ಅರ್ಧ ಗಂಟೆ ಕಳೆಯುವುದರೊಳಗೆ ಅವರ ಮುಖದ ಗಂಟು ಸಡಿಲಾಯಿತು. ಪುಸ್ತಕದಲ್ಲಿ ಓದಿದ್ದು ಎಂದೂ ಇಷ್ಟು ಚೆಂದವಾಗಿ ನಿಜವಾದದ್ದನ್ನು ನಾನು ಕಂಡಿಲ್ಲ.

ಕವರು ಹಿಡಿದು ಬಂದವರಲ್ಲಿ ಒಬ್ಬ ಉಮ್ಮ ಇದ್ದರು. ಅರವತ್ತು ದಾಟಿದವರು, ಹಳೆಯ ಸಕ್ಕರೆ ಕಾಯಿಲೆ. ಕಾಗದ ಚಾಚಿದ ಅವರ ಅಂಗೈ ನೋಡಿದೆ. ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಚರ್ಮ ದಪ್ಪಗಟ್ಟಿ, ಹಳದಿಗೆ ತಿರುಗಿ, ನಯವಾಗಿ ಹೊಳೆಯುತ್ತಿತ್ತು. ಚರ್ಮರೋಗವೇನೋ ಎಂದು ತಿರುಗಿಸಿ ನೋಡುತ್ತಿದ್ದರೆ ಅವರು ನಕ್ಕು, ಎರಡೂ ಅಂಗೈಗಳನ್ನು ಒಂದರ ಮೇಲೊಂದು ಉಜ್ಜಿ ತೋರಿಸಿದರು. ಹುರಿ ಹೊಸೆದ ಕೈ ಅದು. ಚಿಕ್ಕಂದಿನಿಂದ ತೆಂಗಿನ ನಾರು ಹೊಸೆದವರು.

ಈ ಹುರಿಯ ಕಥೆ ಮಂಗಳೂರಿನವರಿಗೆ ಮರೆತೇ ಹೋಗಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ದ್ವೀಪಗಳಿಗೆ ಅಮಿನ್‌ದಿವಿ ದ್ವೀಪಗಳೆಂದು ಹೆಸರು. ಅವು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಅವರ ಆಡಳಿತಕ್ಕೆ ಬೇಸತ್ತ ಅಮಿನಿಯವರು ಟಿಪ್ಪು ಸುಲ್ತಾನನ ಆಸರೆ ಕೇಳಿದರು, 1787ರಲ್ಲಿ ಈ ಗುಂಪು ಅವನ ಆಳ್ವಿಕೆಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇವೂ ಇಂಗ್ಲಿಷರ ಪಾಲಾದವು. ಅಲ್ಲಿಂದ ಮುಂದೆ ಇವು ಕೆನರಾ ಜಿಲ್ಲೆಯ, ಅದು ಒಡೆದ ಮೇಲೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗ! ಅಮಿನಿಯಲ್ಲಿ ಮೊಣೆಗಾರನೆಂಬ ಒಬ್ಬ ಅಧಿಕಾರಿ, ಅವನ ಮೇಲೆ ಮಂಗಳೂರಿನಲ್ಲಿ ಕೂತ ಕಲೆಕ್ಟರು. ಪುತ್ತೂರು, ಕುಂದಾಪುರ ಹೇಗೋ ಅಮಿನಿಯೂ ಹಾಗೆಯೇ ನಮ್ಮ ಜಿಲ್ಲೆಯದ್ದಾಗಿತ್ತು.

ಆ ಸಂಬಂಧ ನಡೆದದ್ದು ಹುರಿಯ ಮೇಲೆ. ತೆಂಗಿನ ಸಿಪ್ಪೆಯನ್ನು ದಡದ ಉಪ್ಪುನೀರಿನ ಮರಳಿನಲ್ಲಿ ಹೂತು, ಮೇಲೆ ಕಲ್ಲು ಹೇರಿ ತಿಂಗಳುಗಟ್ಟಲೆ ಕೊಳೆಸಬೇಕು. ಆಮೇಲೆ ತೆಗೆದು, ಕೊರಡಿನಿಂದ ಬಡಿದು ಬಡಿದು ನಾರು ಬಿಡಿಸಬೇಕು, ತೊಳೆದು ಒಣಗಿಸಬೇಕು, ಅಂಗೈಯಲ್ಲಿ ಹೊಸೆಯಬೇಕು. ಇಷ್ಟೂ ಹೆಂಗಸರ ಕೆಲಸ. ಹೊಸೆದ ಹುರಿಯ ಮೇಲೆ ಸರಕಾರದ ಏಕಸ್ವಾಮ್ಯವಿತ್ತು. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಗಂಡಸರು ಅದನ್ನು ಓಡಗಳಲ್ಲಿ ತುಂಬಿ ಮಂಗಳೂರಿಗೆ ತಂದು ಒಪ್ಪಿಸಬೇಕಿತ್ತು, ಸರಕಾರ ಕಟ್ಟಿದ ದರಕ್ಕೆ ಬದಲಾಗಿ ಅಕ್ಕಿ ಒಯ್ಯಬೇಕಿತ್ತು. ದ್ವೀಪದಲ್ಲಿ ಭತ್ತ ಬೆಳೆಯುವುದಿಲ್ಲ. ಅಲ್ಲಿ ಬೇಯುವ ಪ್ರತಿ ಹಿಡಿ ಅಕ್ಕಿಯ ಹಿಂದೆ ಒಬ್ಬಳು ಹೆಂಗಸಿನ ಅಂಗೈ ಇತ್ತು. ಹೊಸೆದವಳು ದರ ಕಟ್ಟಿದವನ ಮುಖ ನೋಡಿರಲಿಲ್ಲ. ದರ ಕಟ್ಟಿದವನು ಆ ಅಂಗೈ ನೋಡಿರಲಿಲ್ಲ.

1956ರ ನವೆಂಬರ್ 1ನ್ನು ನಾವು ರಾಜ್ಯೋತ್ಸವವೆಂದು ಆಚರಿಸುತ್ತೇವೆ. ದಕ್ಷಿಣ ಕನ್ನಡ ಮದ್ರಾಸಿನಿಂದ ಬಿಡಿಸಿಕೊಂಡು ವಿಶಾಲ ಮೈಸೂರಿಗೆ ಸೇರಿದ ದಿನ, ಕಾಸರಗೋಡು ಕೇರಳಕ್ಕೆ ಹೋದ ದಿನ. ಕಾಸರಗೋಡಿಗಾಗಿ ನಾವು ಇಂದಿಗೂ ಮರುಗುತ್ತೇವೆ, ಮರುಗಬೇಕಾದ್ದೇ. ಆದರೆ ಅದೇ ದಿನ ಅಮಿನ್‌ದಿವಿಯೂ ಜಿಲ್ಲೆಯಿಂದ ಹೊರಗೆ ಹೋಗಿ ಕೇಂದ್ರಾಡಳಿತ ಪ್ರದೇಶವಾಯಿತು ಎಂದು ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. 1973ರಲ್ಲಿ ‘ಲಕ್ಷದ್ವೀಪ’ ಎಂಬ ಹೆಸರು ಬಂದ ಮೇಲೆ ಅಮಿನ್‌ದಿವಿ ಎಂಬ ಹೆಸರೂ ನಮ್ಮ ಕಿವಿಗೆ ಬೀಳದಾಯಿತು. ದ್ವೀಪದವರು ಮಾತ್ರ ಮಂಗಳೂರನ್ನು ಮರೆತಿಲ್ಲ. ಹಳೆ ಬಂದರಿನಿಂದ ಈಗಲೂ ಮಂಜಿ ಎಂಬ ಸರಕಿನ ಹಡಗುಗಳು ಸಿಮೆಂಟು, ಜಲ್ಲಿ, ಈರುಳ್ಳಿ, ತರಕಾರಿ ತುಂಬಿಕೊಂಡು ಹೋಗುತ್ತವೆ. ಮೇ ತಿಂಗಳ ನಡುವೆ ನಿಂತರೆ ಮತ್ತೆ ಹೊರಡುವುದು ಸೆಪ್ಟೆಂಬರಿನಲ್ಲಿ. ನಕ್ಷೆಯ ಮೇಲೆ ಗೆರೆ ಎಳೆದರೆ ಅಮಿನಿಗೆ ಮಂಗಳೂರು ಸುಮಾರು 300 ಕಿಲೋಮೀಟರು, ಕೊಚ್ಚಿ ಸುಮಾರು 400. ಆದರೂ ಜನರ ಹಡಗಿಗೆ ಕೊಚ್ಚಿಯೇ ಗಟ್ಟಿ. ಮಂಗಳೂರಿಗೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಉಳ್ಳಾಲದ ನಾನು ಮನೆ ಸೇರಲು ಕೊಚ್ಚಿಗೆ ಹೋಗಿ ರೈಲು ಹತ್ತಬೇಕಿತ್ತು.

ಉಮ್ಮನ ಕಾಗದ ಕಣ್ಣಿನದ್ದು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಯ ಮೇಲೆ ಹೊಸ ರಕ್ತನಾಳಗಳು ಹುಟ್ಟಿಕೊಂಡಿದ್ದವು. ಅವು ಒಡೆದು ರಕ್ತ ಹರಿಯದಂತೆ ಲೇಸರ್ ಕೊಡುತ್ತಾರೆ. ಒಂದೇ ಸಲಕ್ಕೆ ಕೊಟ್ಟರೆ ನೋವು, ಊತ ಎಂದು ವಾರ ಎರಡು ವಾರದ ಅಂತರದಲ್ಲಿ ಕಂತುಕಂತಾಗಿ ಕೊಡುವುದು ವಾಡಿಕೆ. ಆಚೆ ದಡದ ದೊಡ್ಡ ಆಸ್ಪತ್ರೆಯೊಂದರಲ್ಲಿ ಮೊದಲ ಕಂತು ಆಗಿತ್ತು. ಕೆಳಗೆ ಅದೇ ಸಾಲು. ಹಡಗು ಹೊರಡುತ್ತದೆಂದು ಉಮ್ಮ ಊರಿಗೆ ಬಂದರು, ಹಿಂದೆಯೇ ಮಳೆಗಾಲ ಬಂತು. ಟಿಕೆಟು ಸಿಕ್ಕಾಗ ಕರೆದೊಯ್ಯಲು ಮಗ ಇರಲಿಲ್ಲ, ಮಗ ಇದ್ದಾಗ ಟಿಕೆಟಿಲ್ಲ. ಈಗ ಬಲಗಣ್ಣಿನಲ್ಲಿ ಎದುರು ಕೂತವರ ಬೆರಳು ಎಣಿಸಲಾಗುತ್ತಿರಲಿಲ್ಲ.

ಒಂದೇ ಸಲಕ್ಕೆ ಪೂರ್ತಿ ಲೇಸರ್ ಮುಗಿಸುವುದು ಆಗದ ಮಾತೇನಲ್ಲ, ದೂರದಿಂದ ಬರುವವರಿಗೆ ಹಾಗೆ ಮಾಡುವ ಕಣ್ಣಿನ ಡಾಕ್ಟರರಿದ್ದಾರೆ. ಅದಕ್ಕೆ ಮೊದಲು ರೋಗಿ ದೂರದವರು ಎಂದು ತಿಳಿದಿರಬೇಕು. ಕಾರ್ಡಿನಲ್ಲಿ ವಿಳಾಸ ಬರೆಯುವ ಜಾಗವಿದೆ, ಅದರಲ್ಲಿ ‘ಅಮಿನಿ, ಲಕ್ಷದ್ವೀಪ’ ಎಂದು ಚೊಕ್ಕವಾಗಿ ಬರೆದೂ ಇತ್ತು. ಅದೇ ಕಾಗದದ ಮೇಲ್ತುದಿಯ ವಿಳಾಸವನ್ನು ಕೆಳತುದಿಯ ಸಾಲು ಬರೆದವರು ಓದಲಿಲ್ಲ. ಹೃದಯದ ಕವಾಟ ಬದಲಿಸಿಕೊಂಡ ಹುಡುಗನ ಚೀಟಿಯಲ್ಲೂ, ಫಿಟ್ಸ್ ಇರುವ ಮಗುವಿನ ಚೀಟಿಯಲ್ಲೂ ಹೀಗೆಯೇ. ಮಗುವಿಗೆ ಒಂದು ತಿಂಗಳ ಔಷಧಿ ಕೊಟ್ಟು ಜೂನ್‌ನಲ್ಲಿ ಕಳಿಸಿದ್ದರು. ಜೂನ್‌ನ ಕಡಲು ಹೇಗಿರುತ್ತದೆ ಎಂದು ಉಳ್ಳಾಲದ ದಡದಲ್ಲಿ ನಿಂತವರಿಗೂ ಗೊತ್ತು.

ಹಡಗಿನ ದಿನ ಎರಡು ಸಲ ಮುಂದಕ್ಕೆ ಹೋಯಿತು. ಆ ಬಿಡುವಿನಲ್ಲಿ ನಾನು ಕವರುಗಳನ್ನೆಲ್ಲ ಹರಡಿಕೊಂಡು, ಪ್ರತಿಯೊಬ್ಬರಿಗೂ ಒಂದೊಂದು ಹಾಳೆ ಬರೆದೆ: ರೋಗ ಏನು, ಯಾವ ಗುಳಿಗೆ, ಯಾವ ಪರೀಕ್ಷೆ ದ್ವೀಪದಲ್ಲೇ ಆಗುತ್ತದೆ, ಯಾವುದಕ್ಕೆ ಆಚೆ ಹೋಗಲೇಬೇಕು. ಅಲ್ಲಿಯ ಡಾಕ್ಟರು ಒಂದೊಂದನ್ನೂ ತಿದ್ದಿ ಸಹಿ ಹಾಕಿದರು. ಉಮ್ಮನ ಹಾಳೆಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ರೋಗಿ ದ್ವೀಪದವರು, ಉಳಿದ ಲೇಸರನ್ನು ಇದೇ ಭೇಟಿಯಲ್ಲಿ ಮುಗಿಸಿಕೊಡಿ.

ಅಷ್ಟರಲ್ಲಿ ಮಗನಿಗೂ ರಜೆ ಸಿಕ್ಕಿ, ಅವರಿಬ್ಬರಿಗೂ ನನ್ನ ಹಡಗಿನಲ್ಲೇ ಟಿಕೆಟಾಯಿತು. ಹಡಗು ಹವಳದ ದಿಬ್ಬದ ಆಚೆ ನಿಲ್ಲುತ್ತದೆ, ಅಲ್ಲಿಯವರೆಗೆ ಸಣ್ಣ ದೋಣಿ. ಹಡಗಿನ ಪಕ್ಕದ ಬಾಗಿಲು ಒಮ್ಮೆ ಮೊಣಕಾಲ ಮಟ್ಟಕ್ಕೆ, ಒಮ್ಮೆ ತಲೆಯ ಮೇಲಕ್ಕೆ. ಅಲೆ ದೋಣಿಯನ್ನು ಎತ್ತಿದ ಗಳಿಗೆಯಲ್ಲಿ ಮೇಲಿನವರು ತೋಳು ಹಿಡಿದು ಒಳಗೆಳೆದುಕೊಳ್ಳಬೇಕು. ಸ್ಟ್ರೆಚರಿನ ರೋಗಿಗಳನ್ನೂ ಹೀಗೆಯೇ ದಾಟಿಸುತ್ತಾರೆ. ಉಮ್ಮ ಒಂದೇ ಹೆಜ್ಜೆಗೆ ಏರಿಬಿಟ್ಟರು. ನನ್ನನ್ನು ಎಳೆದುಕೊಳ್ಳಲು ಇಬ್ಬರು ಬೇಕಾಯಿತು. ಒಳಗೆ ಹೋಗಿ ಬಂಕು ಹುಡುಕಿಕೊಂಡ ಮೇಲೆ ಮಗ ಕೇಳಿದ, ‘ಮುಂದಿನ ಶನಿವಾರ ಹಡಗು ವಾಪಸು ಹೊರಡುತ್ತದಂತೆ, ಅಷ್ಟರೊಳಗೆ ಮುಗಿಯುತ್ತದಾ ಡಾಕ್ಟರೇ?’ ನಾನು ಫೋನು ತೆಗೆದು, ಸಿಗ್ನಲ್ ಹೋಗುವ ಮೊದಲು, ಕೊಚ್ಚಿಯ ಕಣ್ಣಿನ ಆಸ್ಪತ್ರೆಗೆ ಕರೆ ಮಾಡಿದೆ.